ಕೂಗಿ ಬಂದ ಕೊಕ್ಕು

ಕಡಲಿಗೆ ಚಾಚಿದ ಕಲ್ಲುಗುಡ್ಡಕ್ಕೆ ಚಳಿಗಾಲ ಕಳೆಯಲು ದೂರದೇಶದಿಂದ ಕೆಂಪು ಕೊಕ್ಕಿನ ಹಕ್ಕಿಯೊಂದು ಬಂದಿಳಿಯಿತು. ಬಂದದ್ದೇ ಬಂಡೆಯ ನೆತ್ತಿಯ ಮೇಲೆ ನಿಂತು, "ಇವತ್ತಿನಿಂದ ಈ ಗುಡ್ಡ ನನ್ನದು! ಇಲ್ಲಿರುವವರೆಲ್ಲ ನನ್ನ ಊಟ!" ಎಂದು ಕೂಗಿ ಸಾರಿತು. ಏಡಿಗಳು ದಡಬಡಿಸಿ ಬಿರುಕು ಸೇರಿದವು. ಬಂಡೆಗೆ ಅಂಟಿಕೊಂಡಿದ್ದ, ಅಡಿಕೆಹೋಳಿನಷ್ಟೇ ಇದ್ದ ಚಿಪ್ಪುಹುಳು ಮಾತ್ರ ಇದ್ದಲ್ಲೇ ಇತ್ತು.

"ಎಲ್ಲರೂ ಓಡಿದರು. ನಿನಗೆ ಕಿವಿ ಕೇಳಿಸುವುದಿಲ್ಲವೇ?" ಎಂದಿತು ಹಕ್ಕಿ.

"ಚೆನ್ನಾಗಿಯೇ ಕೇಳಿಸಿತು. ನಾನು ಕೂತಿರುವ ಬಂಡೆಯ ಈ ಗುಳಿ ನಾನೇ ಚಿಪ್ಪು ತಿಕ್ಕಿ ತಿಕ್ಕಿ ಮಾಡಿಕೊಂಡದ್ದು. ಉಬ್ಬರದಲ್ಲಿ ಪಾಚಿ ಮೇಯಲು ಹೋದರೂ ನೀರಿಳಿಯುವ ಮೊದಲು ಇಲ್ಲಿಗೇ ಬರುತ್ತೇನೆ. ನನ್ನ ಚಿಪ್ಪಿನ ಅಂಚು ಬೇರೆಲ್ಲೂ ಕೂರುವುದಿಲ್ಲ. ಬೇಕಾದರೆ ತಾವು ಎಬ್ಬಿಸಿ ನೋಡಿ."

ಹಕ್ಕಿ ಕುಕ್ಕಿತು. ಚಿಪ್ಪು ಅಲುಗಲಿಲ್ಲ. ಅಂಚಿನಡಿ ಕೊಕ್ಕು ತೂರಿಸಲು ನೋಡಿತು. ಕೂದಲು ತೂರುವಷ್ಟೂ ಸಂದಿರಲಿಲ್ಲ. ಸಿಟ್ಟೇರಿ ಮತ್ತೆ ಮತ್ತೆ ಕುಕ್ಕುತ್ತಿದ್ದಂತೆ ಉಬ್ಬರದ ನೀರು ಏರಿ ಬಂದು ಅದರ ಹೊಟ್ಟೆಯನ್ನು ತೋಯಿಸಿತು. ಹಸಿದ ಹಕ್ಕಿ ರೆಕ್ಕೆ ಬಿಚ್ಚುತ್ತಾ ಕಿರುಚಿತು: "ನಿನ್ನಂಥವರನ್ನು ಬೇರೆ ಗುಡ್ಡಗಳಲ್ಲಿ ಒಂದೇ ಏಟಿಗೆ ಕಿತ್ತು ತಿಂದಿದ್ದೇನೆ!"

"ಅಲ್ಲಿ ತಾವು ಸದ್ದಿಲ್ಲದೆ ಹೋಗಿರಬೇಕು," ಎಂದಿತು ಚಿಪ್ಪುಹುಳು. "ಇಲ್ಲೂ ನಾನು ಚಿಪ್ಪು ಸಡಿಲ ಬಿಟ್ಟುಕೊಂಡೇ ಕೂತಿದ್ದೆ. ಗುಡ್ಡ ನನ್ನದು ಎಂದು ಕೂಗಿದಿರಿ ನೋಡಿ, ಆಗ ಬಿಗಿಯಾಗಿ ಹಿಡಿದುಕೊಂಡೆ. ನಾಳೆಯೂ ಹೀಗೇ ಕೂಗಿಕೊಂಡೇ ಬನ್ನಿ."