ಭಟ್ಟರು ರುಚಿ ನೋಡದ ಹಸಿರು ಚಟ್ನಿ

ಪದ್ಮನಾಭ ಭಟ್ಟರು ಅಡುಗೆ ಮಾಡುವಾಗ ರುಚಿ ನೋಡುತ್ತಿರಲಿಲ್ಲ. ಅವರು ಕೆಲಸ ಕಲಿತದ್ದು ದೇವಸ್ಥಾನದ ಪಾಕಶಾಲೆಯಲ್ಲಿ. ನೈವೇದ್ಯ ಆಗುವ ಮುಂಚೆ ಯಾರೂ ಏನನ್ನೂ ಬಾಯಿಗಿಡಬಾರದು ಎಂಬುದು ಅಲ್ಲಿಯ ನಿಯಮ. ದೇವಸ್ಥಾನ ಬಿಟ್ಟು, ಪ್ರವಾಸಿ ತಂಡಗಳ ಅಡುಗೆಯವರಾಗಿ ದೇಶ ದೇಶ ಸುತ್ತಿದ ಮೇಲೂ ಭಟ್ಟರು ಅದನ್ನು ಬಿಡಲಿಲ್ಲ. ಭಕ್ತಿ ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು, ಜಂಬ ಮಾತ್ರ ಜೊತೆಗೆ ಬಂದಿತ್ತು. “ನಾಲಿಗೆಗೆ ಇಟ್ಟು ನೋಡೋರು ಕಲಿಯೋರು. ನನಗೆ ಕಣ್ಣೇ ಸಾಕು” ಎನ್ನುತ್ತಿದ್ದರು.

ಊರಿಗೆ ಮರಳಿ ಅವರೊಂದು ಊಟದ ಮನೆ ತೆರೆದರು. ಕಮಲಾಕ್ಷಿ ಅಲ್ಲಿ ಅವರ ಶಿಷ್ಯೆ. ಕೈ ಚುರುಕು, ಮಾತು ಕಡಿಮೆ. ಒಂದೇ ತೊಡಕು. ಕೆಲವರ ನಾಲಿಗೆಗೆ ಕೊತ್ತಂಬರಿ ಸೊಪ್ಪು ಸಾಬೂನಿನಂತೆ ಅನಿಸುತ್ತದೆ, ಅವಳದೂ ಅಂಥ ನಾಲಿಗೆ. ಅವಳು ಅದನ್ನು ಮುಚ್ಚಿಡಲಿಲ್ಲ. ಭಟ್ಟರೂ ಮುಚ್ಚಿಡಲಿಲ್ಲ, ಊಟಕ್ಕೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು.

ಒಮ್ಮೆ ಭಟ್ಟರು ದೇಶ ದೇಶದ ಕೊತ್ತಂಬರಿ ಅಡುಗೆಗಳ ಊಟ ಏರ್ಪಡಿಸಿದರು. “ಇದು ಚೆನ್ನಾಗಿ ನಡೆದರೆ ಎಲ್ಲರ ಎದುರು ನಿನ್ನ ಕೈಗೆ ಸೌಟು ಕೊಡ್ತೀನಿ” ಎಂದು ಕಮಲಾಕ್ಷಿಗೆ ಮಾತು ಕೊಟ್ಟರು. ಗುರು ಸೌಟು ಕೊಟ್ಟರೆ ಅವಳು ಸ್ವಂತವಾಗಿ ಮದುವೆ ಮುಂಜಿಗಳ ಅಡುಗೆ ಒಪ್ಪಿಕೊಳ್ಳಬಹುದು. ಗಂಡನಿಲ್ಲದ ಮನೆಯನ್ನು ನಡೆಸುತ್ತಿದ್ದವಳು, ಅದಕ್ಕಾಗಿಯೇ ಕಾಯುತ್ತಿದ್ದಳು.

ಆ ದಿನ ಮೆಕ್ಸಿಕೋದವರ ಬೆಣ್ಣೆಹಣ್ಣಿನ ಗೊಜ್ಜು, ಮೊರಾಕೋದ ಕಡಲೆಕಾಳಿನ ಸಾರು, ಕೊತ್ತಂಬರಿ ಬೇರನ್ನೇ ಜಜ್ಜಿ ಹಾಕಿದ ಥಾಯ್ ಪಲ್ಯ ಎಲ್ಲ ಸಿದ್ಧವಾದವು. ಕೊನೆಗೆ ಯೆಮೆನ್ ದೇಶದ ಹಸಿರು ಚಟ್ನಿಯನ್ನು ಭಟ್ಟರೇ ಗ್ರೈಂಡರಿನಲ್ಲಿ ರುಬ್ಬಿದರು. ಕಮಲಾಕ್ಷಿ ಬೆರಳ ತುದಿಯಲ್ಲಿ ಒಂದಿಷ್ಟು ನೆಕ್ಕಿ ಮುಖ ಕಿವುಚಿದಳು.

“ಭಟ್ಟರೇ, ಚಟ್ನಿ ಸಾಬೂನಿನ ಥರ ಇದೆ. ನೀವೊಂಚೂರು ನೋಡಿ.”

ಭಟ್ಟರು ಪಂಕ್ತಿಯಲ್ಲಿ ಕೂತವರ ಕಡೆ ತಿರುಗಿ, “ಕೇಳಿದ್ರಾ? ಶುರುವಾಯ್ತು ಸಾಬೂನು ಪುರಾಣ” ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು.

“ಇವತ್ತು ಬೇರೆ ಥರ ಇದೆ. ಒಂದೇ ಒಂದ್ಸಲ ನೋಡಿ.”

“ಈ ನಾಲಿಗೆಗೆ ಸೌಟು ಕೊಟ್ಟರೆ ನನ್ನ ಹೆಸರು ಮಣ್ಣುಪಾಲು. ನಡಿ ಮನೆಗೆ.”

ಅವಳು ಸೆರಗಿಗೆ ಕೈ ಒರೆಸಿಕೊಂಡು ಹೋದಳು.

ಚಟ್ನಿ ಬಡಿಸಿದರು. ಒಬ್ಬರು ಥೂ ಎಂದು ಉಗಿದರು, ಪಕ್ಕದವರೂ ಉಗಿದರು. ಭಟ್ಟರು ಒಳಗೆ ಓಡಿ, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ನಾಲಿಗೆಗೆ ಇಟ್ಟು ನೋಡಿದರು. ಅಪ್ಪಟ ಸಾಬೂನು. ಬೆಳಿಗ್ಗೆ ಸೋಪಿನ ಪುಡಿ ಹಾಕಿ ಗ್ರೈಂಡರ್ ಉಜ್ಜಿದವರು ಅವರೇ. ಯಾರೋ ಕರೆದರೆಂದು ಎದ್ದು ಹೋದವರು ಜಾಲಿಸುವುದನ್ನೇ ಮರೆತಿದ್ದರು.

“ಏನು ಭಟ್ಟರೇ ಇದು?” ಎಂದರು ನಿವೃತ್ತ ಮೇಷ್ಟ್ರು ವಿರೂಪಾಕ್ಷಯ್ಯ.

ಭಟ್ಟರ ಬಾಯಿಂದ ಹೊರಟದ್ದು ಇಷ್ಟು: “ಗ್ರೈಂಡರ್ ತೊಳೆದದ್ದು ಆ ಕಮಲಾಕ್ಷಿ.”

“ಹಾಗಾದರೆ ಓಡಿಸಿದ್ದೇ ಒಳ್ಳೇದಾಯ್ತು ಬಿಡಿ” ಎಂದರು ಎಲ್ಲರೂ. ಜನ ಚಟ್ನಿ ಉಗಿದಾಗ ಆಗದ ನಾಚಿಕೆ ಈ ಮಾತು ಕೇಳಿ ಆಯಿತು. ಭಟ್ಟರಿಗೆ ತಲೆ ಎತ್ತಲಾಗಲಿಲ್ಲ.

ಸಂಜೆ ಸೌಟು ಹಿಡಿದು ಅವಳ ಮನೆಗೆ ಹೋದರು. ನಡೆದದ್ದನ್ನೆಲ್ಲ ಹೇಳಿದರು, ತಾವಾಡಿದ ಸುಳ್ಳನ್ನೂ ಹೇಳಿದರು. ಕಮಲಾಕ್ಷಿ ಸೌಟಿಗೆ ಕೈ ಚಾಚಲಿಲ್ಲ.

“ನನ್ನ ನಾಲಿಗೆ ಮೇಲೆ ನನಗೇ ನಂಬಿಕೆ ಇರಲಿಲ್ಲ ಭಟ್ಟರೇ. ಅದಕ್ಕೇ ನಿಮ್ಮನ್ನ ಕೇಳಿದ್ದು. ಸೌಟು ಎಲ್ಲರೆದುರು ಕೊಡ್ತೀನಿ ಅಂದಿದ್ರಿ. ಸುಳ್ಳನ್ನೂ ಎಲ್ಲರೆದುರೇ ಹೇಳಿದ್ರಿ. ನಿಜ ಮಾತ್ರ ನನ್ನೊಬ್ಬಳ ಹತ್ತಿರ ಯಾಕೆ ಹೇಳ್ತೀರಿ?”

ಭಟ್ಟರು ಅಲ್ಲಿಂದ ಹೊರಟು, ಊಟಕ್ಕೆ ಬಂದಿದ್ದವರ ಮನೆ ಮನೆಗೂ ಹೋದರು. ಪ್ರತಿ ಬಾಗಿಲಲ್ಲೂ ತಲೆ ತಗ್ಗಿಸಿ ನಿಂತು, “ಗ್ರೈಂಡರ್ ತೊಳೆದವನು ನಾನು. ಆಕೆಯದು ಏನೂ ತಪ್ಪಿಲ್ಲ” ಎಂದರು. ಕೆಲವರು ಸಮಾಧಾನ ಹೇಳಿದರು, ಕೆಲವರು ಮುಖಕ್ಕೆ ಹೊಡೆದಂತೆ ಬೈದರು.

ವಿರೂಪಾಕ್ಷಯ್ಯ ಎರಡನ್ನೂ ಮಾಡಲಿಲ್ಲ. ಬಾಗಿಲು ಹಿಡಿದು ನಿಂತೇ ಇದ್ದರು.

“ಅವಳು ಹೇಳಿದ್ದು ನಮಗೂ ಕೇಳಿಸಿತ್ತು ಭಟ್ಟರೇ” ಎಂದರು. “ನಾವು ನಕ್ಕೆವು.” ಆಮೇಲೆ ಚಪ್ಪಲಿ ಮೆಟ್ಟಿಕೊಂಡು, “ನಡೀರಿ, ಅವಳ ಮನೆಗೆ ನಾನೂ ಬರಬೇಕು” ಎಂದರು.

ನೀತಿ: ನಾಲ್ಕು ಜನರ ಮುಂದೆ ಒಬ್ಬರ ಮಾನ ಕಳೆದು, ಕ್ಷಮೆಯನ್ನು ಗುಟ್ಟಾಗಿ ಕೇಳಿದರೆ ಸಾಲದು. ಆ ನಾಲ್ಕು ಜನರ ಮುಂದೆಯೇ ನಿಜ ಹೇಳಬೇಕು. ಅಂದು ಜೊತೆಗೆ ನಕ್ಕವರಿಗೂ ಆ ತಪ್ಪಿನಲ್ಲಿ ಪಾಲಿದೆ.