ಕೊನೆಯ ಮೊಟ್ಟೆ ಮತ್ತು ಹೊಸ ಬೆಳಕಿನ ಟಾರ್ಚು

ಬೋರಮ್ಮನ ಗೇಣುದ್ದದ ಟಾರ್ಚಿಗೆ ಹಳೆಯ ಎಲ್‌ಇಡಿ ಕಿತ್ತು ಹೊಸದನ್ನು ಕೂರಿಸಿದ ದಿನ, ಮೂರು ಊರಿನ ಹುಂಜಗಳು ಮುಸ್ಸಂಜೆಯಲ್ಲೇ ಬೆಳಗಾಯಿತೆಂದು ಕೂಗಿದವು. ನಾಲ್ಕನೇ ಊರಿನ ಹುಂಜ ಕುರುಡು, ಇಲ್ಲದಿದ್ದರೆ ಅದೂ ಕೂಗುತ್ತಿತ್ತು.

ಮರುದಿನ ಕತ್ತಲ ಕೋಣೆಯಲ್ಲಿ ಕಾವಿಗೆ ಕೂತಿದ್ದ ಹೇಂಟೆಯ ಮರಿಗಳೆಲ್ಲ ಹೊರಬಂದು, ಒಂದೇ ಮೊಟ್ಟೆ ಉಳಿಯಿತು. ಬೋರಮ್ಮ ಅದಕ್ಕೆ ಟಾರ್ಚು ಹಿಡಿದು ನೋಡಿದಳು. ಒಳಗೆಲ್ಲ ಕಪ್ಪು.

"ನನ್ನ ಬೆಳಕೇ ತೂರಲಿಲ್ಲವೆಂದರೆ ಅದು ಕೊಳೆತದ್ದೇ," ಎಂದಿತು ಟಾರ್ಚು.

ಬೋರಮ್ಮನೂ ಹಾಗೇ ಅಂದುಕೊಂಡು, ಮೊಟ್ಟೆಯನ್ನು ಹುಲ್ಲಿನ ಮೇಲೆ ಬೇರೆ ಇಟ್ಟು, ಹೇಂಟೆಯನ್ನೂ ಮರಿಗಳನ್ನೂ ಬುಟ್ಟಿಯಡಿ ಮುಚ್ಚಿದಳು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಟಾರ್ಚನ್ನು ಆರಿಸದೆ ಮೊಟ್ಟೆಯ ಪಕ್ಕದಲ್ಲೇ ಬಿಟ್ಟು ಓಡಿದಳು.

"ಲೋ ಬೆಳಕಪ್ಪ," ಎಂದಿತು ಹೇಂಟೆ ಬುಟ್ಟಿಯೊಳಗಿಂದ, "ಮರಿ ತುಂಬಿಕೊಂಡ ಮೊಟ್ಟೆಯಲ್ಲಿ ನಿನ್ನ ಬೆಳಕಿಗೆ ಜಾಗ ಎಲ್ಲಿಂದ ಬರಬೇಕು?"

"ಮೂರು ಊರು ಬೆಳಗಿದವನಿಗೇ ಬುದ್ಧಿ ಹೇಳ್ತೀಯಾ?" ಎಂದು ಟಾರ್ಚು ಅನ್ನುವಷ್ಟರಲ್ಲಿ ಮೊಟ್ಟೆಯೊಳಗಿಂದ ಟಕ್ ಟಕ್ ಎಂದು ಕೇಳಿಸಿತು.

"ತಣ್ಣಗಾದರೆ ಸತ್ತುಹೋಗುತ್ತೆ ಕಣೋ. ನಾನು ಬರಲಾರೆ. ಹೊಸ ದೀಪದಿಂದ ನಿನ್ನ ಮೈ ಬಿಸಿಯಾಗಿದೆಯಲ್ಲ, ತಬ್ಬಿಕೋ."

"ಹಾಗೆ ಹೊರಳಿದರೆ ನನ್ನ ಮುಖ ಹುಲ್ಲಿನಲ್ಲಿ ಹೂತುಹೋಗುತ್ತೆ, ಹೇಂಟಕ್ಕ. ಬೆಳಕು ಯಾರಿಗೂ ಕಾಣೋದಿಲ್ಲ."

"ಕಾಣೋದಿಲ್ಲ," ಎಂದಿತು ಹೇಂಟೆ.

ಟಾರ್ಚು ಹೊರಳಿ, ಮುಖವನ್ನು ಹುಲ್ಲಿಗೆ ಒತ್ತಿ, ಮೊಟ್ಟೆಗೆ ಮೈ ಆನಿಸಿ ಉರಿಯಿತು. ಸೆಲ್ಲು ಪೂರ್ತಿ ಮುಗಿಯುವವರೆಗೂ ಉರಿಯಿತು. ಚಿಪ್ಪು ಒಡೆದು ಮರಿ ಹೊರಬಂದಾಗ, ಅದರ ಮುಖ ನೋಡುವಷ್ಟು ಬೆಳಕೂ ಟಾರ್ಚಿನಲ್ಲಿ ಉಳಿದಿರಲಿಲ್ಲ.