ಲಕೋಟೆಯೊಳಗಿನ ಹೊಸ ನಿಯಮ

ಹತ್ತಿರ ಬನ್ನಿ, ಯಾರ ಹತ್ತಿರವೂ ಬಾಯಿಬಿಡಬಾರದು. ಕಣ್ಣು ಮುಚ್ಚಿದರೆ ಎಲ್ಲ ಕಾಣುತ್ತದೆ ಎನ್ನುವ ಸ್ವಾಮಿಯೊಬ್ಬ, "ನಿನ್ನ ಸೊಸೆಯ ಕಾಲ್ಗುಣ ಸರಿಯಿಲ್ಲ, ತವರಿಗೆ ಅಟ್ಟು" ಎಂದಿದ್ದ. ನಾನೂ ನಂಬಿದ್ದೆ.

ಪವಾಡ ತೋರಿಸಿದವರಿಗೆ ನಮ್ಮ ವಾಚನಾಲಯದವರು ಲಕ್ಷ ರೂಪಾಯಿ ಬಹುಮಾನ ಇಟ್ಟಿದ್ದರು. ಸ್ವಾಮಿ ಶಿಷ್ಯರ ದಂಡು ಕಟ್ಟಿಕೊಂಡು ಹೋದ. "ಸಂಶಯದವರು ಎದುರಿಗಿದ್ದರೆ ಶಕ್ತಿ ಏಳುವುದಿಲ್ಲ. ನಿಯಮ ಬದಲಿಸಿ" ಎಂದು ಗದರಿದ.

ಅಲ್ಲಿನ ಜವಾನ ಕೈಮುಗಿದ. ಹಾಳೆಯ ಮೇಲೆ ಏನೋ ಗೀಚಿ, ಲಕೋಟೆಗೆ ಹಾಕಿ ಅಂಟಿಸಿದ. "ಬದಲಿಸಿದ್ದೇನೆ ಬುದ್ಧೀ. ಕಣ್ಣು ಮುಚ್ಚಿ ಓದಿಕೊಂಡು ಶುರುಮಾಡಿ."

"ಮೊದಲು ಒಡೆದು ತೋರಿಸು" ಅಂದುಬಿಟ್ಟ ಸ್ವಾಮಿ.

ಶಿಷ್ಯರೇ ಮೊದಲು ನಕ್ಕರು. ಸ್ವಾಮಿಯ ಮುಖ ಸುಟ್ಟ ಬದನೆಕಾಯಿಯಾಯಿತು.

"ಆ ಜವಾನನ ಹೊಟ್ಟೆ ತಣ್ಣಗಿರಲಿ, ಅವನಿಂದ ನನ್ನ ಸೊಸೆ ಉಳಿದಳು" ಎಂದೆ, ಪಕ್ಕದ ಮನೆಯ ಸಾಕಮ್ಮನಿಗೆ.

ಅವಳು ಮುಖಕ್ಕೇ ಅಂದಳು: "ಅವಳ ಟ್ರಂಕನ್ನು ಹೊಸಿಲಿಗೆ ತಂದಿಟ್ಟಿದ್ದು ಸ್ವಾಮಿಯಲ್ಲ ಕಣೇ, ನೀನು."